ಸೋರುವ ನೀರಿನ ರುಚಿ ನೋಡಿದವರು

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ತಲೆಯ ಮೇಲಿನ ಮಾಳಿಗೆಯನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು "ಆರಾಮ ಅದೀರೇನು?" ಎಂದು ಕೇಳುವಾಗಲೂ ಕತ್ತು ಮೇಲಕ್ಕೇ ಇರುತ್ತಿತ್ತು. ಒಂದು ಸಲ ಅಣ್ಣನ ಮಗನಿಗೆ ಹೆಣ್ಣು ನೋಡಲು ಅಗಡಿಗೆ ಹೋಗಿದ್ದರಂತೆ. ಹುಡುಗಿ ಬಂದಳು, ನಮಸ್ಕಾರ ಮಾಡಿದಳು, ಚಹಾ ಕೊಟ್ಟಳು, ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಇವರು ತಲೆ ಇಳಿಸಲೇ ಇಲ್ಲ. ಹೆಣ್ಣಿನ ತಂದೆ ಮುಖ ಸಣ್ಣದು ಮಾಡಿಕೊಂಡು, "ಯಾಕ್ರೀ, ನಮ್ಮ ಹುಡುಗಿ ಮನಸ್ಸಿಗೆ ಬರಲಿಲ್ಲೇನು?" ಎಂದು ಕೇಳಿದರೆ ಇವರು, "ಹುಡುಗಿ ಛಲೋ ಅದಾಳ್ರಿ. ಆದ್ರ ನಿಮ್ಮ ಅಡಗಿಮನಿ ಗ್ವಾಡಿಗೆ ಮ್ಯಾಲಿಂದ ನೀರು ಇಳ್ಯಾಕತ್ತೈತಿ, ಅದನ್ನ ಯಾರೂ ನೋಡಿಲ್ಲೇನು?" ಎಂದರಂತೆ. ಲಗ್ನವೂ ಆಯಿತು, ಲಗ್ನಕ್ಕೆ ಮುಂಚೆ ಆ ಗೋಡೆಯೂ ಒಣಗಿತು. ಹೆಣ್ಣು ನೋಡಲು ಹೋಗಿ ಬೀಗರ ಮಾಳಿಗೆ ಹತ್ತಿದವರು ನಮ್ಮ ಕಡೆ ಇವರೊಬ್ಬರೇ ಇರಬೇಕು.

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಕಾಕಾ. ದುಡಿಯುವ ಕಾಲದಲ್ಲಿ ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕುಮಾರಪಟ್ಟಣದ ಕಡೆ ಕಾರ್ಖಾನೆಯ ಬಾಯ್ಲರಿನ ಕೆಲಸಕ್ಕೆ ಹೋಗಿ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಊರಿಗೆ ಮರಳಿದರು. ಬಾಯ್ಲರಿನ ಸದ್ದಿನಲ್ಲಿ ಕೂಗಿ ಕೂಗಿ ರೂಢಿಯಾಗಿದ್ದ ಗಂಟಲು ಊರಿಗೆ ಬಂದ ಮೇಲೂ ಇಳಿಯಲಿಲ್ಲ. ಅವರು ಗುಟ್ಟಿನಲ್ಲಿ ಹೇಳಿದ ಮಾತು ಓಣಿಯ ಆ ತುದಿಗೆ ಕೇಳುತ್ತಿತ್ತು. ವಿನಯವಂತೂ ಅವರ ಹತ್ತಿರ ಸುಳಿದದ್ದೇ ಇಲ್ಲ. "ನನ್ನ ಕೈ ಬಿದ್ದಮ್ಯಾಲೆ ನೀರು ತಾನಾಗೇ ದಾರಿ ಬಿಟ್ಟು ಹೋಗತೈತಿ" ಎಂದು ಕೆಲಸ ಶುರು ಮಾಡುವ ಮುಂಚೆಯೇ ಹೇಳಿಬಿಡುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಕಾಗಿನೆಲೆ ಕಡೆಯ ಮೆತ್ತನೆ ಮಾತಿನ ಹೆಂಗಸು, ಅಂಥ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು, "ಊರ ಮಂದಿ ಮಾಳಿಗಿ ಎಲ್ಲಾ ರಿಪೇರಿ ಮಾಡತಾರವಾ. ನಮ್ಮ ಬಚ್ಚಲದ ನಳ ಹನಿಯಾಕತ್ತಿ ವರ್ಷಾತು" ಎನ್ನುತ್ತಿದ್ದರು. ಕಾಕಾ ಕೇಳಿಸದವರ ಹಾಗೆ ಮೀಸೆ ತಿರುವುತ್ತಿದ್ದರು.

ಇಂಥ ಬಡಾಯಿಕೋರರನ್ನು ನಾನು ಸಾಮಾನ್ಯವಾಗಿ ಹತ್ತಿರ ಸೇರಿಸುವವಳಲ್ಲ. ಕಾಕಾ ಮನಸ್ಸಿಗೆ ಹಿಡಿಸಿದ್ದಕ್ಕೆ ಬೇರೆಯೇ ಕಾರಣವಿದೆ. ತಪ್ಪಾದಾಗ ಗಂಡಸರು ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತು. ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಸಿಮೆಂಟು ಸರಿಯಿರಲಿಲ್ಲ ಎನ್ನುತ್ತಾರೆ, ಅದೂ ಸಾಲದಿದ್ದರೆ ಹೆಂಡತಿಯ ಮೇಲೆ ಸಿಡುಕುತ್ತಾರೆ. ಕಾಕಾ ತಮ್ಮ ತಪ್ಪನ್ನು ಡಂಗುರ ಹೊಡೆದು ಹೇಳುತ್ತಿದ್ದರು. ಗೆದ್ದಾಗ ಎಷ್ಟು ದೊಡ್ಡ ದನಿಯೋ ಸೋತಾಗಲೂ ಅಷ್ಟೇ ದೊಡ್ಡ ದನಿ. "ಇದು ತಪ್ಪಾತು. ಛಲೋ ಆತು. ಇನ್ನ ಹುಡುಕೂ ಜಾಗಾ ಅಷ್ಟು ಸಣ್ಣದಾತು" ಎನ್ನುವುದು ಅವರ ಮಾಮೂಲಿ ಮಾತು. ಅದನ್ನು ನಾನು ಹತ್ತಿರದಿಂದ ಕಂಡದ್ದು ನಮ್ಮ ಒಲೆಗೆ ಕುತ್ತು ಬಂದಾಗ.

ನಾನೂ ನನ್ನ ನೆಗೆಣ್ಣಿಯೂ, ಅಂದರೆ ನನ್ನ ಮೈದುನನ ಹೆಂಡತಿಯೂ, ಸೇರಿ ಜೋಳದ ರೊಟ್ಟಿ ಮಾಡಿ ಮಾರುತ್ತೇವೆ. ಹಾವೇರಿ, ರಾಣೆಬೆನ್ನೂರಿನ ಖಾನಾವಳಿಗಳಿಗೆ ನಮ್ಮ ರೊಟ್ಟಿ ಹೋಗುತ್ತದೆ. ಉದ್ದನೆಯ ಮಣ್ಣಿನ ಒಲೆ, ಅದರ ಮೇಲೆ ಸಾಲಾಗಿ ಹಂಚುಗಳು, ಒಂದೊಂದು ಹಂಚಿನ ಮುಂದೆ ಓಣಿಯ ಒಬ್ಬೊಬ್ಬ ಹೆಂಗಸು. ಕಟ್ಟಡ ಒಬ್ಬ ಮೆಣಸಿನಕಾಯಿ ಸಾಹುಕಾರರದು. ಅರ್ಧ ಭಾಗ ನಮಗೆ ಬಾಡಿಗೆಗೆ ಕೊಟ್ಟು ಇನ್ನರ್ಧದಲ್ಲಿ ಅವರು ಮೆಣಸಿನಕಾಯಿ ಚೀಲ ಇಡುತ್ತಾರೆ. ನಮ್ಮ ಇಟ್ಟಿಗೆಯ ಹೊಗೆಗೂಡು ನಡುವಿನ ಗೋಡೆಗೆ ಹತ್ತಿಕೊಂಡೇ ಮೇಲೆದ್ದು, ಮಾಳಿಗೆಯನ್ನು ತೂತು ಮಾಡಿಕೊಂಡು ಆಳೆತ್ತರ ಹೋಗಿದೆ. ಅದು ಮಾಳಿಗೆಯನ್ನು ದಾಟುವ ಜಾಗದಲ್ಲೇ ನೀರು ಇಳಿಯುತ್ತಿತ್ತು. ನಮ್ಮ ಕಡೆ ಇಳಿದಿದ್ದರೆ ಒಂದು ಪಾತ್ರೆ ಇಟ್ಟು ಸುಮ್ಮನಿರುತ್ತಿದ್ದೆವು. ಹಾಳಾದ್ದು ಸಾಹುಕಾರರ ಚೀಲದ ಕಡೆಗೇ ಇಳಿಯುತ್ತಿತ್ತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ನೀರು ತಾಗಿತು ಎಂದರೆ ಮುಂದೆ ವಿವರಿಸಬೇಕಾಗಿಲ್ಲ. ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ. ಬಣ್ಣ ಹೋದ ಕಾಯಿಯನ್ನು ನಮ್ಮ ಮಾರುಕಟ್ಟೆಯಲ್ಲಿ ಮೂಸಿ ನೋಡುವವರಿಲ್ಲ. ಸಾಹುಕಾರರು ಒಳ್ಳೆಯವರೇ, ಹಲವು ಮಳೆಗಾಲ ಸಹಿಸಿಕೊಂಡಿದ್ದರು. ಆ ವರ್ಷ ಬೇಸಗೆಯ ಅಡ್ಡಮಳೆಗೆ ಮತ್ತೆ ಚೀಲ ತೊಯ್ದಾಗ ಬಂದು ಬಾಗಿಲಲ್ಲೇ ನಿಂತರು. "ನೋಡ ತಂಗಿ, ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರ ನಾನೂ ಎಷ್ಟಂತ ತಡಕೊಳ್ಳಲಿ? ಕಾರಹುಣ್ಣಿವಿಯೊಳಗ ಇದು ನಿಂತರ ಛಲೋ. ಇಲ್ಲಂದ್ರ ಹಬ್ಬ ಮುಗದ ಮರುದಿನ ಗೌಂಡಿ ಬರತಾನ. ಹೊಗಿಗೂಡು ಕೆಡವಿ ತೂತು ಮುಚ್ಚಿಸಿಬಿಡತೀನಿ. ನೀವು ಗ್ಯಾಸಿನ ಮ್ಯಾಲೆ ಮಾಡ್ಕೋರಿ."

ಗ್ಯಾಸಿನ ಮೇಲೆ ಎಂದು ಹೇಳುವುದು ಸುಲಭ. ಎರಡು ಬರ್ನರಿನ ಮೇಲೆ ನಾನೂ ನೆಗೆಣ್ಣಿಯೂ ರೊಟ್ಟಿ ಬಡಿದುಕೊಂಡು ಇರಬಹುದಿತ್ತು. ಉಳಿದ ಹೆಂಗಸರು ಮನೆಗೆ ಹೋಗಬೇಕಾಗುತ್ತಿತ್ತು. ಅವರಲ್ಲೊಬ್ಬಳು ಈ ಒಲೆಯ ಮುಂದೆ ಕೂತೇ ಗಂಡನಿಲ್ಲದ ಸಂಸಾರ ನಡೆಸುತ್ತಿದ್ದಳು. ಅವಳ ಮುಖ ನೋಡಲಾರದೆ ಅಂದು ನಾನು ಹಿಟ್ಟಿನ ಡಬ್ಬಿಯ ಕಡೆ ತಿರುಗಿಕೊಂಡೆ. ನೆಗೆಣ್ಣಿ ಮಾತ್ರ ಸೀದಾ ಹೋಗಿ ಕಾಕಾರನ್ನು ಕರೆತಂದಳು.

ಕಾಕಾ ಬಂದವರೇ ಸಾಹುಕಾರರ ಕೋಣೆಗೆ ಹೊಕ್ಕು, ಗೋಡೆಯ ಮೇಲೆ ಕಂದು ಬಣ್ಣದಲ್ಲಿ ಇಳಿದಿದ್ದ ನೀರಿಗೆ ಬೆರಳು ಒತ್ತಿ, ಆ ಬೆರಳನ್ನು ಬಾಯಲ್ಲಿಟ್ಟುಕೊಂಡರು. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚಪ್ಪರಿಸಿ ಹೇಳಿದರು.

"ಕಹಿ ಇಲ್ಲ. ಖಾರ ಐತಿ."

ಅದರ ಅರ್ಥವನ್ನೂ ಅವರೇ ಬಿಡಿಸಿದರು. ಮಳೆ ಹೊಗೆಗೂಡಿನ ಬಾಯಿಯೊಳಗೆ ಬಿದ್ದು, ಒಳಗಿನ ಮಸಿ ತೊಳೆದುಕೊಂಡು ಬಂದಿದ್ದರೆ ನೀರು ಕಹಿಯಾಗಿರಬೇಕು. ಖಾರ ಇದೆಯೆಂದರೆ ಅದು ಮಾಳಿಗೆಯ ಮೇಲೆ ಹರಿದು ಬಂದ ನೀರು. ಚಳಿಗಾಲದಲ್ಲಿ ನಾವು ಅಲ್ಲೇ, ಹೊಗೆಗೂಡಿನ ಬುಡದ ಬೆಚ್ಚನೆ ಜಾಗದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆವು. ಅದರ ಪುಡಿ, ಬೀಜ ಬಿರುಕಿನಲ್ಲಿ ಕೂತಿತ್ತು. ಅಂದರೆ ಹೊಗೆಗೂಡಿನ ಬಾಯಿ ಸರಿಯಿದೆ, ಬುಡ ಬಿಟ್ಟಿದೆ. ಸಾಹುಕಾರರಿಗೆ ಇದು ನಂಬಿಕೆಯಾಗಲಿಲ್ಲ. ತಾವೂ ಒಂದು ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. ಜೀವನವೆಲ್ಲ ಮೆಣಸಿನಕಾಯಿಯ ಮಧ್ಯೆ ಕಳೆದ ಮನುಷ್ಯ. ಮುಖ ಕಿವುಚಿ, "ಇದು ನಮ್ಮ ಕಾಯಿ ಅಲ್ಲ, ಗುಂಟೂರಿಂದು" ಎಂದರು. ಅದೂ ನಿಜವೇ. ಚಟ್ನಿಪುಡಿಗೆ ಖಾರ ಸಾಲುವುದಿಲ್ಲವೆಂದು ನಾವು ಗುಂಟೂರಿನ ಕಾಯಿ ತಂದು ಒಣಗಿಸಿದ್ದೆವು. ಸಿಟ್ಟಿನಲ್ಲಿದ್ದ ಸಾಹುಕಾರರೂ ಸೇರಿ ಎಲ್ಲರೂ ನಕ್ಕೆವು.

ಕಾಕಾ ಹಳೆಯ ಸಿಮೆಂಟು ಕಿತ್ತು ಹೊಸದು ಮೆತ್ತಿದರು. ಬುಡದ ಸುತ್ತ ನುಣ್ಣಗೆ ಇಳಿಜಾರು ಮಾಡಿ, ಕೆಳಗಿಳಿದು ಬಂದು, "ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕ ನೋಡಿದ್ರ ಸಾಕು" ಎಂದು ರೊಟ್ಟಿ, ಝುಣಕ, ಮೊಸರು ಉಂಡು ಹೋದರು. ಕೂಲಿ ಎಂದು ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಊಟದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೊಟ್ಟಿ ಉಬ್ಬಿರಬೇಕು, ಹಂಚಿನಿಂದ ನೇರ ತಾಟಿಗೆ ಬರಬೇಕು.

ಮೊದಲ ಮಳೆಗೇ ನೀರು ಬಂತು. ಹೇಳಿ ಕಳಿಸಲು ನನಗೇ ಸಂಕೋಚವಾಗುತ್ತಿತ್ತು, ಅಷ್ಟರಲ್ಲಿ ಕಾಕಾ ತಾವೇ ಕೊಡೆ ಹಿಡಿದು ಬಂದರು. ಗೋಡೆ ನೋಡಿದರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ. ಅಲ್ಲಿಂದ ನೆಟ್ಟಗೆ ಮಾರುಕಟ್ಟೆಗೆ ಹೋಗಿ, ನಾಲ್ಕು ಮಂದಿ ವ್ಯಾಪಾರಿಗಳ ಮಧ್ಯೆ ಕೂತಿದ್ದ ಸಾಹುಕಾರರ ಮುಂದೆ ನಿಂತು, "ನನ್ನ ಕೆಲಸ ತಪ್ಪಾತಪಾ. ನಿನ್ನ ಚೀಲ ಮತ್ತ ತೊಯ್ದಾವ. ಮೊದಲ ಚೀಲ ಸರಿಸು, ಆಮ್ಯಾಲೆ ನನ್ನ ಬೈ" ಎಂದರಂತೆ. ಇಬ್ಬರೂ ಒಂದೇ ಓರಗೆಯವರು. ಅಷ್ಟು ಜನರ ಮುಂದೆ ಹಾಗೆ ಹೇಳಿದವನನ್ನು ಬೈಯುವುದು ಹೇಗೆಂದು ಸಾಹುಕಾರರಿಗೆ ತಿಳಿಯಲಿಲ್ಲ. ಎದ್ದು ಬಂದು ಚೀಲ ಸರಿಸಿದರು.

ಬಿರುಕು ಹೊಸ ಸಿಮೆಂಟಿನಲ್ಲೇ ಬಿದ್ದಿತ್ತು, ಕೂದಲೆಳೆಯಷ್ಟು ಸಣ್ಣದು. ಒಲೆಯ ಕಾವಿಗೆ ಸಿಡಿದಿದೆ ಎಂದು ಕಾಕಾ ತೀರ್ಮಾನಿಸಿ ಬಿರುಕಿಗೆ ಡಾಂಬರು ತುಂಬಿದರು. ಅದು ಗಟ್ಟಿಯಾಗುವವರೆಗೆ ನೀರು ಬೀಳದಿರಲೆಂದು ಸಾಹುಕಾರರಿಂದಲೇ ಚೀಲ ಮುಚ್ಚುವ ಒಂದು ದೊಡ್ಡ ತಾಡಪತ್ರಿ ಕೇಳಿ ತಂದು, ಹೊಗೆಗೂಡಿನ ಸುತ್ತ ಹೊದಿಸಿ, ಹಗ್ಗವನ್ನು ಹೊಗೆಗೂಡಿಗೇ ಬಿಗಿದು ಕಟ್ಟಿದರು. ನಾವೂ ಪ್ರತಿ ಮಳೆಗಾಲ ಮಾಡುತ್ತಿದ್ದುದು ಅದನ್ನೇ. ಬ್ಯಾಡಗಿಯವರಿಗೆ ಮೋಡ ಕಂಡರೆ ಕೈ ತಾಡಪತ್ರಿಗೆ ಹೋಗುತ್ತದೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಾಳಿಗೆಯ ಮೇಲೆ ಎದ್ದು ನಿಂತ ವಸ್ತು ಅದೊಂದೇ. ಹಾಗಾಗಿ ಚಳಿಗಾಲದಲ್ಲಿ ಮೆಣಸಿನಕಾಯಿ ಮುಚ್ಚುವ ತಾಡಪತ್ರಿಯ ಹಗ್ಗ, ಬೇಸಗೆಯಲ್ಲಿ ಸೀರೆ ಒಣಹಾಕುವ ತಂತಿ, ಡಿಶ್ಶಿನ ವಾಯರು, ಎಲ್ಲಕ್ಕೂ ಹೊಗೆಗೂಡೇ ಗೂಟ.

ಆ ಮಳೆಗೆ ಮೊದಲಿಗಿಂತ ಜಾಸ್ತಿ ನೀರು ಬಂತು.

ಓಣಿಯಲ್ಲಿ ನಗು ಶುರುವಾಯಿತು. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನನ್ನ ಧೈರ್ಯ ಉಡುಗಿತ್ತು. ಗ್ಯಾಸಿನ ಒಲೆಯ ಬೆಲೆ ಕೇಳಲು ನಾನು ಗುಟ್ಟಾಗಿ ರಾಣೆಬೆನ್ನೂರಿಗೂ ಹೋಗಿ ಬಂದೆ. ಕಾಕಾ ಮಾತ್ರ ದಿನಾ ಮಾಳಿಗೆ ಹತ್ತಿ ಆ ಬಿರುಕಿನ ಮುಂದೆ ಕೂರುತ್ತಿದ್ದರು. "ಬಿಟ್ಟುಬಿಡ್ರಿ ಕಾಕಾರ, ನಮ್ಮ ಹಣೇಬಾರ" ಎಂದು ಒಂದು ದಿನ ಅಂದೆ. ಅವರು ನಿಜವಾಗಿ ಸಿಟ್ಟಾದದ್ದನ್ನು ನಾನು ಕಂಡದ್ದು ಆಗ ಮಾತ್ರ. "ಹಣೇಬಾರಕ್ಕ ಹಚ್ಚಬ್ಯಾಡ. ನೀರು ಬರತೈತಿ ಅಂದ್ರ ಅದಕ್ಕೊಂದು ದಾರಿ ಐತಿ ಅಂತನ ಅರ್ಥ. ಎರಡು ಕಡೆ ಹುಡುಕೇನಿ, ಅಲ್ಲಿಲ್ಲ. ಇನ್ನ ಎಷ್ಟು ಕಡೆ ಇದ್ದೀತು?" ಎಂದರು. ಅವರ ಲೆಕ್ಕದಲ್ಲಿ ಎರಡು ಸಲ ಸೋತದ್ದು ಮುಂದೆ ಹೋದ ಹಾಗೆ. ನನಗೆ ಆಗ ಅದು ಮುದುಕರ ಹಟ ಎನಿಸಿತು.

ಮರುದಿನ ಮಧ್ಯಾಹ್ನ ಮುಂಗಾರಿನ ಗಾಳಿ ಜೋರಾಗಿತ್ತು. ಕಾಕಾ ಮೇಲೆಯೇ ಉಣ್ಣುತ್ತೇನೆಂದರು. ತಾಟು ಒಯ್ದು ಕೊಟ್ಟೆ. ಹೊಗೆಗೂಡಿಗೆ ಬೆನ್ನು ಆನಿಸಿ ಕೂತು ರೊಟ್ಟಿ ಮುರಿದವರು ಹಾಗೆಯೇ ತಡೆದುಬಿಟ್ಟರು, ತುತ್ತು ಕೈಯಲ್ಲೇ ಇತ್ತು.

"ಯವ್ವಾ, ನನ್ನ ಬೆನ್ನು ದಬ್ಬಿದೇನು?"

"ನಾ ಇಲ್ಲಿ ಅದೀನಲ್ರಿ ಕಾಕಾರ, ನಿಮ್ಮ ಮುಂದ."

ಮತ್ತೆ ಗಾಳಿ ಬೀಸಿತು. ತಾಡಪತ್ರಿ ಉಬ್ಬಿ ಪಟಪಟ ಬಡಿದುಕೊಂಡಿತು. ಕಾಕಾ ತಾಟು ಪಕ್ಕಕ್ಕಿಟ್ಟು, ಎಡಗೈಯನ್ನು ಇಟ್ಟಿಗೆಯ ಮೇಲೆ ಇಟ್ಟರು. ನನಗೂ ಇಡಲು ಹೇಳಿದರು. ಗಾಳಿ ಹಗ್ಗವನ್ನು ಜಗ್ಗಿದಾಗಲೆಲ್ಲ ಹೊಗೆಗೂಡು ಅಲುಗುತ್ತಿತ್ತು. ಕಣ್ಣಿಗೆ ಕಾಣುವಷ್ಟಲ್ಲ, ಆದರೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು, ಮಕ್ಕಳ ಅಲುಗುವ ಹಲ್ಲಿನ ಹಾಗೆ. ನೀರು ತಡೆಯಲು ಕಟ್ಟಿದ ತಾಡಪತ್ರಿಯೇ ಹೊಗೆಗೂಡನ್ನು ಜಗ್ಗಿ ಜಗ್ಗಿ ಬುಡ ಬಿಡಿಸುತ್ತಿತ್ತು. ಸೋರಿತೆಂದು ಇನ್ನೂ ಬಿಗಿಯಾಗಿ ಕಟ್ಟುತ್ತಿದ್ದೆವು, ಬಿಗಿಯಾದಷ್ಟೂ ಗಾಳಿಗೆ ಹಿಡಿತ ಸಿಗುತ್ತಿತ್ತು. ಇಷ್ಟು ವರ್ಷ ಎಷ್ಟು ಸಿಮೆಂಟು ಮೆತ್ತಿದರೂ ನಿಲ್ಲದ್ದು ಅದಕ್ಕೇ.

ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನ ಗಂಟು ಹಾಕೇನಿ ನೋಡು, ಯಾರೂ ಬಿಚ್ಚಬಾರದಂಥಾ ಗಂಟು" ಎಂದರು. ಅದು ಖರೇನೇ ಬಿಚ್ಚಲಿಲ್ಲ, ಈಳಿಗೆ ತಂದು ಕೊಯ್ಯಬೇಕಾಯಿತು.

ಸಾಹುಕಾರರ ಹತ್ತಿರ ಇನ್ನೊಂದು ಮಳೆಯ ಅವಧಿ ಕೇಳಲು ಕಾಕಾರೂ ನಾನೂ ಹೋದೆವು. ಅವರು, "ಎರಡು ಸಲ ಆತಲ್ಲೋ ಮಾರಾಯಾ" ಎಂದು ಗೊಣಗಿದರು. ಕಾಕಾ, "ಎರಡು ತಪ್ಪು ನಂದು. ಮೂರನೇದರಾಗ ನೀನೂ ಪಾಲುದಾರ. ತಾಡಪತ್ರಿ ನಿಂದು" ಎಂದರು. ಸಾಹುಕಾರರು ಗೌಂಡಿಗೆ ಫೋನು ಮಾಡಿ ಸದ್ಯ ಬರಬೇಡ ಎಂದರು.

ಕಾಕಾ ಈ ಸಲ ಅವಸರ ಮಾಡಲಿಲ್ಲ. ರಾಣೆಬೆನ್ನೂರಿಗೆ ಹೋಗಿ ತಮ್ಮ ಹಳೆಯ ಪರಿಚಯದ ತಗಡಿನವನಿಂದ ಜಸ್ತದ ತಗಡನ್ನು ಬಾಗಿಸಿ ತಂದರು. ಬುಡದ ಹಳೆಯ ಸಿಮೆಂಟು ಪೂರಾ ತೆಗೆದು, ಹೆಚ್ಚು ಅಲುಗದ ಹಾಗೆ ಒಳಗಿನಿಂದ ಕಬ್ಬಿಣದ ಪಟ್ಟಿ ಹಾಕಿಸಿದರು. ಒಂದು ತಗಡನ್ನು ಮಾಳಿಗೆಗೆ ಕೂಡಿಸಿ ಹೊಗೆಗೂಡಿನ ಮೈಗುಂಟ ಮೇಲಕ್ಕೆ ಎಬ್ಬಿಸಿದರು. ಇನ್ನೊಂದನ್ನು ಇಟ್ಟಿಗೆಯ ಸಂದಿಯಲ್ಲಿ ಸಿಕ್ಕಿಸಿ, ಲಂಗದ ಹಾಗೆ ಮೊದಲನೆಯದರ ಮೇಲೆ ಇಳಿಬಿಟ್ಟರು. ನೀರು ಹರಿದು ಬರುವ ಕಡೆ, ಹೊಗೆಗೂಡಿನ ಹಿಂದೆ ನಿಲ್ಲದೆ ಎರಡೂ ಬದಿಗೆ ಸರಿಯಲೆಂದು ಒಂದು ಸಣ್ಣ ದಿಬ್ಬ ಮಾಡಿದರು. ಎರಡು ತಗಡಿನ ಮಧ್ಯೆ ಏನೂ ಹಾಕಲಿಲ್ಲ. ನನಗೆ ಹೆದರಿಕೆ. "ಅಂಟಿಸದ ಹಂಗ ಬಿಡತೀರೇನು?" ಎಂದು ಕೇಳಿದೆ.

"ಅಂಟಿಸಿ ಅಂಟಿಸೇ ಕೆಟ್ಟೇವಿ. ಒಲಿ ಹಚ್ಚಿದ್ರ ಹೊಗಿಗೂಡು ಕಾಯತೈತಿ, ಮಾಳಿಗಿ ಕಾಯಂಗಿಲ್ಲ. ಗಾಳಿಗೆ ಅದು ಅಳ್ಳಾಡತೈತಿ, ಇದು ಅಳ್ಳಾಡಂಗಿಲ್ಲ. ಅಂಥಾ ಎರಡನ್ನ ಬಿಗದು ಅಂಟಿಸಿದ್ರ ಎಲ್ಲೋ ಒಂದ ಕಡೆ ಹರಿಯೂದ. ಮ್ಯಾಲಿಂದು ಕೆಳಗಿಂದರ ಮ್ಯಾಲೆ ಸುಮ್ನ ಇಳೀಲಿ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ನೀರು ಒಳಗ ಬರದಿದ್ರ ಸಾಕು."

ನೆಗೆಣ್ಣಿ ನನ್ನ ಕಿವಿಯಲ್ಲಿ, "ನಮ್ಮಿಬ್ಬರನ್ನ ನೋಡಿ ಹೇಳಾಕತ್ತಾರೇನು ಅಕ್ಕಾ?" ಎಂದಳು. ನಾವಿಬ್ಬರೂ ಒಂದೇ ಮನೆಯಲ್ಲಿದ್ದಾಗ ಬರೀ ಜಗಳ. ಬೇರೆ ಬೇರೆ ಮನೆ ಮಾಡಿದ ಮೇಲೆಯೇ ಒಂದು ಒಲೆಯ ಮುಂದೆ ಕೂತು ದುಡಿಯಲು ಬಂದದ್ದು.

ಮಳೆಗೆ ಕಾಯದೆ ಅವರು ಕೊಡಪಾನದಲ್ಲಿ ನೀರು ಹಾಕಿಸಿ ನೋಡಿದರು. ಮೊದಲು ಕೆಳಬದಿಗೆ, ಆಮೇಲೆ ಎರಡೂ ಪಕ್ಕಕ್ಕೆ, ಕೊನೆಗೆ ಹಿಂಬದಿಯ ದಿಬ್ಬಕ್ಕೆ. ಒಂದೊಂದು ಕಡೆ ಹಾಕಿದ ಮೇಲೂ ಕೆಳಗೆ ಕಾವಲು ನಿಂತ ನಾವು ಗೋಡೆ ಮುಟ್ಟಿ ನೋಡಿ ಕೂಗಬೇಕು. ಎಲ್ಲ ಕಡೆಯೂ ಒಣಗಿತ್ತು. ಆದರೂ ನಾನು ನಂಬಿರಲಿಲ್ಲ. ಕಾರಹುಣ್ಣಿಮೆಯ ಮರುದಿನ ನಿಜವಾದ ಮಳೆ ಬಂತು, ಓಣಿಯಲ್ಲಿ ಹೊಳೆ ಹರಿಯುವಂಥ ಮಳೆ. ಸಾಹುಕಾರರು ಕೊಡೆ ಹಿಡಿದು ಓಡಿ ಬಂದರು. ನಾವೆಲ್ಲ ಅವರ ಕೋಣೆಯಲ್ಲಿ ಗೋಡೆಯನ್ನೇ ನೋಡುತ್ತ ನಿಂತೆವು. ಆಚೆ ಕಡೆ ಒಲೆ ಉರಿಯುತ್ತಿತ್ತು. ಮಳೆ ಸುರಿಯಿತು, ನಿಂತಿತು, ಗೋಡೆ ಒಣಗಿಯೇ ಇತ್ತು. ಸಾಹುಕಾರರು ಗೋಡೆಯ ಮೇಲೆ ಅಂಗೈ ಇಟ್ಟು, "ಬೆಚ್ಚಗೈತಲ್ಲೋ" ಎಂದರು. ಗಂಡನಿಲ್ಲದ ಆ ಹೆಂಗಸು ಹೋಗಿ ಹಿಟ್ಟು ನಾದತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಕಾಕಾ, "ಅಳೂದು ಆಮ್ಯಾಲೆ ಅಳು, ಮೊದಲ ರೊಟ್ಟಿ ಹಾಕು" ಎಂದರು. ಮುಂದಿನ ವಾರ ಸಾಹುಕಾರರು ತಮ್ಮ ಅತಿ ಒಳ್ಳೆಯ ಚೀಲಗಳನ್ನು ತಂದು ಅದೇ ಗೋಡೆಯ ಹತ್ತಿರ ಜೋಡಿಸಿದರು. ತೇವವಿಲ್ಲದ ಬೆಚ್ಚನೆ ಜಾಗ ತಮ್ಮ ಕಟ್ಟಡದಲ್ಲಿ ಬೇರೆ ಎಲ್ಲಿದೆ ಎಂದು ಈಗ ನಮ್ಮನ್ನೇ ಕೇಳುತ್ತಾರೆ.

ಅಂದಿನಿಂದ ಕಾಕಾ ನಮ್ಮ ಮಾಳಿಗೆಯ ಪೊಲೀಸರಾದರು. ತಾಡಪತ್ರಿ ಕಟ್ಟಲು ಮಾಳಿಗೆಯ ನಾಲ್ಕು ಮೂಲೆಗೂ ಕಬ್ಬಿಣದ ಬಳೆ ಹಾಕಿಸಿಕೊಟ್ಟಿದ್ದರು. ಆದರೂ ಯಾರಾದರೂ ಮರೆತು ಹೊಗೆಗೂಡಿಗೆ ಒಂದು ಸೀರೆಯ ತುದಿ ಗಂಟು ಹಾಕಿದರೆ ಓಣಿಯ ಆ ತುದಿಯಿಂದಲೇ ಕೂಗು ಬರುತ್ತಿತ್ತು. ಕೂಗುತ್ತ ಅವರು, ಬೈಯುತ್ತ ನಾವು, ಹೀಗೆ ವರ್ಷಗಳು ಹೋದವು. ನಮ್ಮ ಒಲೆಯ ಮುಂದೆ ಹೊಸದಾಗಿ ಇನ್ನೂ ಇಬ್ಬರು ಹೆಂಗಸರು ಬಂದು ಕೂತರು. ಏನಾದರೂ ಕೆಟ್ಟಾಗ ನಾನು ಈಗ ಹಣೆಬರಹ ಎನ್ನುವುದಿಲ್ಲ. ಎಲ್ಲೆಲ್ಲಿ ಹುಡುಕಿದೆವು, ಇನ್ನು ಎಲ್ಲಿ ಉಳಿದಿದೆ ಎಂದು ಕೇಳುತ್ತೇನೆ. ಹಾಗೆ ಕೇಳುವಾಗ ನನ್ನ ದನಿಯೂ ಜೋರಾಗುತ್ತದೆ ಎಂದು ನೆಗೆಣ್ಣಿ ಹಂಗಿಸುತ್ತಾಳೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಕಾಕಾ ಚಹಾ ಕುಡಿದು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಮಗಳು ದೂರದ ಊರಿನಿಂದ ಬರಬೇಕಿತ್ತು, ಸಂಜೆಯವರೆಗೆ ಕಾಯಬೇಕಾಯಿತು. ಓಣಿಯಲ್ಲಿ ಸಾವಾದರೆ ದೇಹ ಎತ್ತುವವರೆಗೆ ಯಾರೂ ಒಲೆ ಹಚ್ಚುವುದಿಲ್ಲ. ಖಾನಾವಳಿಯವರಿಗೆ ಇಂದು ರೊಟ್ಟಿ ಇಲ್ಲವೆಂದು ಹೇಳಿ ನಾವೂ ಹೋಗಿ ಕಾಕುವಿನ ಪಕ್ಕ ಕೂತೆವು. ಕಾಗಿನೆಲೆಯಿಂದ, ಹಾವೇರಿಯಿಂದ ನೆಂಟರು ತೊಯ್ದುಕೊಂಡು ಬಂದು ಸೇರುತ್ತಿದ್ದರು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಕು ನನ್ನನ್ನು ಹತ್ತಿರ ಕರೆದರು.

"ಮಂದಿ ಹಸದು ಕುಂತೈತಿ. ಸಣ್ಣ ಸಣ್ಣ ಕೂಸುಗಳು ಅದಾವ. ಹೋಗವಾ, ಒಲಿ ಹಚ್ಚು."

ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು, "ಎತ್ತೂತನಕ ಓಣ್ಯಾಗ ಒಲಿ ಹಚ್ಚಬಾರದಲ್ಲ" ಎಂದರು.

ಕಾಕು ದನಿ ಏರಿಸಲಿಲ್ಲ. "ಆ ಒಲಿ ಆರಬಾರದಂತ ಇವರು ಎಷ್ಟು ಸರತಿ ಮ್ಯಾಲೆ ಹತ್ತಿ ಇಳದಾರ. ಇವತ್ತ ಇವರ ಹೆಸರಿಲೆ ಅದನ್ನ ಆರಿಸಿ ಇಡತೀರೇನು?"

ನಾನೂ ನೆಗೆಣ್ಣಿಯೂ ಎದ್ದು, ಮಳೆಯಲ್ಲೇ ಓಣಿ ದಾಟಿ ಹೋಗಿ ಒಲೆ ಹಚ್ಚಿದೆವು.